ಮ್ಯಾಕ್ರೋ ಫೋಟೋಗ್ರಫಿ: ಸಣ್ಣ ಪಿಕ್ಸೆಲ್ಲಿಗೆ ದುಡ್ಡು ಹಾಕಬೇಕಾ, ಲೆನ್ಸಿಗಾ?

ಮ್ಯಾಕ್ರೋ, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದು, ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ಇದನ್ನೇ: 24 ಮೆಗಾಪಿಕ್ಸೆಲ್ ಸಾಕಾ, 45 ಬೇಕಾ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಗೆಳೆಯರು ಕೇಳಿದಾಗ ನಾನು ಅವರಿಗೇ ಒಂದು ಪ್ರಶ್ನೆ ಹಾಕುತ್ತೇನೆ. ನೀವು ತೆಗೆಯಬೇಕು ಅಂದುಕೊಂಡಿರುವುದು ಚಪ್ಪಟೆ ವಸ್ತುವಾ, ಉಬ್ಬು ತಗ್ಗು ಇರುವಂಥದ್ದಾ? ಅದು ಸುಮ್ನೆ ಇರುತ್ತದಾ, ಓಡಾಡುತ್ತದಾ? ಇಳಕಲ್ ಸೀರೆಯ ನೇಯ್ಗೆ ತೆಗೆಯುವವರಿಗೆ ಬೇಕಾದ ಸಾಮಾನು ಒಂದು. ಖಾನಾಪುರದ ಕಾಡಂಚಿನಲ್ಲಿ ಮಳೆ ನಿಂತ ಮೇಲೆ ಜೇಡ ಹುಡುಕುವವರಿಗೆ ಬೇಕಾದದ್ದು ಇನ್ನೊಂದು. ದಾಳಿಂಬೆ ತೋಟದ ಥ್ರಿಪ್ಸ್ ಎಂಬ ಪುಟ್ಟ ಕೀಟದ ಫೋಟೋ ತೆಗೆಯಬೇಕಾದ ತೋಟಗಾರಿಕೆ ವಿದ್ಯಾರ್ಥಿಗೆ ಬೇಕಾದದ್ದು ಮತ್ತೊಂದು. ಮೂವರೂ ಒಂದೇ ಕ್ಯಾಮೆರಾ ಕೊಂಡರೆ ಇಬ್ಬರ ದುಡ್ಡು ದಂಡ.

ಹೀಗೆ ಯಾಕೆ ಹೇಳುತ್ತೇನೆ ಅಂತ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಕೂಡಿಸಿ ಕಳೆಯುವಷ್ಟೇ ಸುಲಭದ ಲೆಕ್ಕ, ಹೆದರಬೇಡಿ.

ಪಿಕ್ಸೆಲ್ ಎಷ್ಟು ಅಗಲ?

ಕ್ಯಾಮೆರಾದೊಳಗೆ ಬೆಳಕು ಬಿದ್ದು ಚಿತ್ರ ಮೂಡುವ ಫಲಕವೇ ಸೆನ್ಸರ್, ಅದರಲ್ಲಿ ಸಾಲುಸಾಲಾಗಿರುವ ಬೆಳಕು ಹಿಡಿಯುವ ಚುಕ್ಕೆಗಳೇ ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ಸೆನ್ಸರಿನ ಅಗಲವನ್ನು ಅಡ್ಡ ಸಾಲಿನ ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಿದರೆ ಒಂದು ಪಿಕ್ಸೆಲ್ಲಿನ ಅಗಲ ಸಿಗುತ್ತದೆ. ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 36 ಮಿ.ಮೀ. ಅಗಲಕ್ಕೆ 6000 ಪಿಕ್ಸೆಲ್ ಇರುತ್ತವೆ. ಅಲ್ಲಿಗೆ ಒಂದಕ್ಕೆ 6 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ದಪ್ಪ.

ನಿಕಾನ್ ಡಿ850 ಥರದ 45 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ ಪಿಕ್ಸೆಲ್ 4.35 ಮೈಕ್ರಾನ್ ಆಗುತ್ತದೆ. 61 ಮೆಗಾಪಿಕ್ಸೆಲ್ ಇರುವ ಸೋನಿ ಎ7ಆರ್ 5ರಲ್ಲಿ 3.76. 22ರಿಂದ 24 ಮಿ.ಮೀ. ಅಗಲದ ಸಣ್ಣ ಸೆನ್ಸರ್ ಎಪಿಎಸ್-ಸಿ ಕಡೆ ಬಂದರೆ, 24 ಮೆಗಾಪಿಕ್ಸೆಲ್ ನಿಕಾನ್‌ನಲ್ಲಿ 3.9, ಕ್ಯಾನನ್‌ನಲ್ಲಿ 3.7, ಕ್ಯಾನನ್ ಆರ್7ರಲ್ಲಿ 3.2, ಫುಜಿಫಿಲ್ಮ್ ಎಕ್ಸ್-ಟಿ5ರಲ್ಲಿ ಸುಮಾರು 3. ಅದಕ್ಕಿಂತಲೂ ಸಣ್ಣ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್‌ನ 20 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 3.3.

ಈಗ ಒಂದು ಮಾತು ಗಮನಿಸಿ. 1:1 ಅಂದರೆ ವಸ್ತು ಎಷ್ಟು ದೊಡ್ಡದೋ ಸೆನ್ಸರಿನ ಮೇಲೆ ಚಿತ್ರವೂ ಅಷ್ಟೇ ದೊಡ್ಡದು. 6 ಮಿ.ಮೀ. ಉದ್ದದ ಜೇಡ ಯಾವ ಸೆನ್ಸರಿನ ಮೇಲಾದರೂ 6 ಮಿ.ಮೀ. ಜಾಗವನ್ನೇ ಹಿಡಿಯುತ್ತದೆ. ಅದರ ಸುತ್ತ ಸೆನ್ಸರ್ ಎಷ್ಟು ಖಾಲಿ ಉಳಿದರೂ ಜೇಡಕ್ಕೆ ಅದರಿಂದ ಪ್ರಯೋಜನ ಇಲ್ಲ. ಡಿ850ರ ಚಿತ್ರವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ ಉಳಿಯುವುದು 19.5 ಮೆಗಾಪಿಕ್ಸೆಲ್. ಅಂದರೆ 24 ಮೆಗಾಪಿಕ್ಸೆಲ್‌ನ ಸಾದಾ ಎಪಿಎಸ್-ಸಿ ಕ್ಯಾಮೆರಾ ಆ ಜೇಡದ ಮೇಲೆ ಡಿ850ಕ್ಕಿಂತ ಒಂದಿಷ್ಟು ಜಾಸ್ತಿ ಪಿಕ್ಸೆಲ್ಲನ್ನೇ ಇಡುತ್ತದೆ. ಎರಡರ ಬೆಲೆ ಎಲ್ಲಿಂದ ಎಲ್ಲಿಗೆ ಅಂತ ನಿಮಗೇ ಗೊತ್ತು.

ಸಣ್ಣ ಪಿಕ್ಸೆಲ್ ಅಂದರೆ ನಾಯ್ಸ್ (ಚಿತ್ರದಲ್ಲಿ ಮರಳಿನಂಥ ಚುಕ್ಕೆಗಳು) ಜಾಸ್ತಿ ಅನ್ನುವ ಭಯ ಹಲವರಿಗೆ ಇದೆ. ಚಿತ್ರವನ್ನು 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿದರೆ ಹಾಗೆ ಕಾಣುವುದು ನಿಜ. ಆದರೆ ಒಂದೇ ಅಳತೆಯ ಎರಡು ಸೆನ್ಸರುಗಳ ಮೇಲೆ ಬೀಳುವ ಒಟ್ಟು ಬೆಳಕು ಒಂದೇ ಅಲ್ವಾ? ಎರಡನ್ನೂ ಒಂದೇ ಅಳತೆಯ ಪ್ರಿಂಟ್ ಮಾಡಿಸಿದಾಗ ವ್ಯತ್ಯಾಸ ಬಹುತೇಕ ಹೋಗಿಬಿಡುತ್ತದೆ. ಆ ಕಾರಣಕ್ಕೆ ಸಣ್ಣ ಪಿಕ್ಸೆಲ್ ಬೇಡ ಅನ್ನಬೇಕಿಲ್ಲ.

ಹತ್ತಿರ ಹೋದಷ್ಟೂ ಎಫ್ ಸಂಖ್ಯೆ ಏರುತ್ತದೆ

ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರಕ್ಕೆ ಅಪರ್ಚರ್ ಅನ್ನುತ್ತಾರೆ, ಅದನ್ನು ಅಳೆಯುವುದು ಎಫ್ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಸಣ್ಣ, ಫೋಕಸ್ ಸಿಗುವ ಆಳ ಜಾಸ್ತಿ. ಬೆಳಕು ಸಣ್ಣ ರಂಧ್ರದ ಮೂಲಕ ಹಾಯುವಾಗ ಹರಡುತ್ತದೆ. ಶಾಲೆಯಲ್ಲಿ ಓದಿದ ವಿವರ್ತನೆ ಇದೇ. ಇದರಿಂದಾಗಿ ಎಷ್ಟೇ ಒಳ್ಳೆಯ ಲೆನ್ಸಾದರೂ ಒಂದು ಚುಕ್ಕೆಯನ್ನು ಚುಕ್ಕೆಯಾಗಿಯೇ ತೋರಿಸುವುದಿಲ್ಲ, ಸಣ್ಣ ಬಿಲ್ಲೆಯಾಗಿ ತೋರಿಸುತ್ತದೆ. ಬ್ರಿಟನ್ನಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1835ರಲ್ಲಿ ಈ ಬಿಲ್ಲೆಯ ಲೆಕ್ಕ ಬರೆದರು. ಅದಕ್ಕೆ ಏರಿ ಬಿಲ್ಲೆ ಅಂತಲೇ ಹೆಸರು. ಹಸಿರು ಬೆಳಕಿನಲ್ಲಿ ಅದರ ಅಗಲ ಎಫ್ ಸಂಖ್ಯೆಯ ಸುಮಾರು 1.34 ಪಟ್ಟು ಮೈಕ್ರಾನ್. ಎಫ್/8ಕ್ಕೆ 11 ಮೈಕ್ರಾನ್, ಎಫ್/16ಕ್ಕೆ 21, ಎಫ್/22ಕ್ಕೆ 29 ಚಿಲ್ಲರೆ.

ದೂರದ ದೃಶ್ಯ ತೆಗೆಯುವವರಿಗೆ ಇದು ದೊಡ್ಡ ತಲೆನೋವಲ್ಲ. ಮ್ಯಾಕ್ರೋದಲ್ಲಿ ಕಷ್ಟ. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಷ್ಟೂ ಕೆಲಸ ಮಾಡುವ ಎಫ್ ಸಂಖ್ಯೆ ಏರುತ್ತಾ ಹೋಗುತ್ತದೆ. ಮ್ಯಾಗ್ನಿಫಿಕೇಶನ್ನಿಗೆ (ವಸ್ತುವಿನ ಎಷ್ಟು ಪಟ್ಟು ದೊಡ್ಡ ಚಿತ್ರ ಸೆನ್ಸರಿನ ಮೇಲೆ ಬೀಳುತ್ತದೆ ಅನ್ನುವ ಸಂಖ್ಯೆ, 1:1ರಲ್ಲಿ ಅದು 1) 1 ಕೂಡಿಸಿ, ಬಂದದ್ದನ್ನು ಎಫ್ ಸಂಖ್ಯೆಗೆ ಗುಣಿಸಿ. 1:1ರಲ್ಲಿ ಎಫ್/8 ಇಟ್ಟರೆ ನಿಜಕ್ಕೂ ಕೆಲಸ ಮಾಡುವುದು ಎಫ್/16. ಎಫ್/11 ಇಟ್ಟರೆ ಎಫ್/22. ಎರಡು ಪಟ್ಟು ಮ್ಯಾಗ್ನಿಫಿಕೇಶನ್ನಿನಲ್ಲಿ ಎಫ್/8 ಅಂದರೆ ಎಫ್/24. ಲೆನ್ಸಿನ ಒಳರಚನೆಯ ಮೇಲೆ ಅಷ್ಟಿಷ್ಟು ಹೆಚ್ಚು ಕಡಿಮೆ ಆಗುತ್ತದೆ, ಆದರೆ ಅಂದಾಜಿಗೆ ಇದು ಸಾಕು.

ಇಲ್ಲಿ ಬ್ರ್ಯಾಂಡಿಗೊಂದು ಪದ್ಧತಿ ಇದೆ, ಇದು ಗೊತ್ತಿಲ್ಲದೆ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಿಕಾನ್ ಕ್ಯಾಮೆರಾಗೆ ನಿಕಾನ್‌ದೇ ಮೈಕ್ರೋ ಲೆನ್ಸ್ (ಮ್ಯಾಕ್ರೋ ಲೆನ್ಸಿಗೆ ನಿಕಾನ್ ಇಟ್ಟ ಹೆಸರು) ಹಾಕಿದರೆ ಪರದೆಯ ಮೇಲೆ ಕೆಲಸ ಮಾಡುತ್ತಿರುವ ಎಫ್ ಸಂಖ್ಯೆಯನ್ನೇ ತೋರಿಸುತ್ತದೆ. 105 ಮಿ.ಮೀ. ಎಫ್/2.8 ಲೆನ್ಸ್ 1:1ಕ್ಕೆ ಬಂದಾಗ ಎಫ್/5ರ ಹತ್ತಿರ ತೋರಿಸಿದರೆ ಲೆನ್ಸ್ ಕೆಟ್ಟಿಲ್ಲ. ಕ್ಯಾನನ್ ಹಾಗಲ್ಲ, ನೀವು ಇಟ್ಟ ಸಂಖ್ಯೆಯನ್ನೇ ತೋರಿಸುತ್ತಾ ಕೂರುತ್ತದೆ. ಅದಕ್ಕೇ 'ಹುಳಕ್ಕೆ ಎಫ್/16 ಇಡು' ಅಂತ ನಿಕಾನ್ ಗೆಳೆಯ ಹೇಳಿದ್ದನ್ನು ಕ್ಯಾನನ್‌ನಲ್ಲಿ ಹಾಗೇ ಇಟ್ಟರೆ ಎಫ್/32ಕ್ಕೆ ಹೋಗಿ ಚಿತ್ರ ಮೆತ್ತಗಾಗುತ್ತದೆ. ಯಾರಾದರೂ ಸೆಟ್ಟಿಂಗ್ ಹೇಳಿದರೆ, ಯಾವ ಕ್ಯಾಮೆರಾ ಅಂತ ಮೊದಲು ಕೇಳಿ.

ಜೀವಂತ ಹುಳ ತೆಗೆಯುವವರಿಗೆ

ಖಾನಾಪುರ, ಭೀಮಗಡದ ಅಂಚು, ಬೆಳಗಾವಿ ಸುತ್ತಲಿನ ಗುಡ್ಡಗಳು. ಜೂನ್ ಮಳೆ ಬಿದ್ದ ಮೇಲೆ ಅಲ್ಲಿ ಹುಳಹುಪ್ಪಟೆಗೆ ಬರವಿಲ್ಲ. ಎಲೆಯ ಮೇಲೆ ಕೂತ 6 ಮಿ.ಮೀ.ನ ಜಿಗಿಯುವ ಜೇಡವನ್ನೇ ತಗೊಳ್ಳೋಣ.

ಎಪಿಎಸ್-ಸಿ ಕ್ಯಾಮೆರಾ, 1:1, ಎಫ್/11. ಫೋಕಸ್ ಸಿಗುವ ಆಳ ಸುಮಾರು 0.9 ಮಿ.ಮೀ. ಅಷ್ಟೇ. ಎದುರಿನ ಎರಡು ದೊಡ್ಡ ಕಣ್ಣು, ಅದರ ಸುತ್ತಲಿನ ಕೂದಲು ಚೊಕ್ಕ ಬರುತ್ತವೆ, ಹಿಂದಿನ ಕಾಲು ಮಸುಕಾಗುತ್ತವೆ. ಇದಕ್ಕಿಂತ ತೀರಾ ಕಡಿಮೆ ಆಳ ಇದ್ದರೆ ಕೈಯಲ್ಲಿ ಹಿಡಿದು ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಹೆಚ್ಚಿನವರು ಎಫ್/8 ಮತ್ತು ಎಫ್/11ರ ನಡುವೆಯೇ ನಿಲ್ಲುತ್ತಾರೆ.

ಈಗ ಅದೇ ಎಫ್/11ರಲ್ಲಿ ವಿವರ ಎಷ್ಟು ಸಿಗುತ್ತದೆ ನೋಡಿ. ಕೆಲಸ ಮಾಡುತ್ತಿರುವುದು ಎಫ್/22. ಜೇಡದ ಮೈಮೇಲೆ ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವೆ ಏರಿ ಬಿಲ್ಲೆಯ ಅರ್ಧದಷ್ಟು, ಅಂದರೆ ಸುಮಾರು 15 ಮೈಕ್ರಾನ್ ಅಂತರ ಬೇಕು. ಆ 15 ಮೈಕ್ರಾನ್ 6 ಮೈಕ್ರಾನ್ ಪಿಕ್ಸೆಲ್ಲಿನಲ್ಲಿ ಎರಡೂವರೆ ಪಿಕ್ಸೆಲ್ ಆಗುತ್ತದೆ, 3.9ರಲ್ಲಿ ಹತ್ತಿರ ಹತ್ತಿರ 4, 3 ಮೈಕ್ರಾನ್‌ನಲ್ಲಿ 5. ಇನ್ನೊಂದು ಕಡೆಯಿಂದ ನೋಡಿದರೂ ಅದೇ ಉತ್ತರ. ಎಫ್/22ರಲ್ಲಿ ಬೆಳಕು ಹೊತ್ತು ತರಬಲ್ಲದ್ದು ಮಿಲಿಮೀಟರಿಗೆ 83 ಗೆರೆ ಜೋಡಿ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ), ಅದಕ್ಕಿಂತ ಒಂದೂ ಹೆಚ್ಚಿಲ್ಲ. ಜೋಡಿಗೆ ಎರಡು ಪಿಕ್ಸೆಲ್ ಬೇಕಾದ್ದರಿಂದ 6 ಮೈಕ್ರಾನ್ ಪಿಕ್ಸೆಲ್ ಹಿಡಿಯಬಲ್ಲದ್ದೂ ಸರಿಯಾಗಿ 83. ಅಂದರೆ ಹಳೆಯ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾ ಲೆನ್ಸಿನಿಂದ ಬಂದದ್ದನ್ನೆಲ್ಲ ಆಗಲೇ ಹಿಡಿದುಬಿಟ್ಟಿದೆ. 61 ಮೆಗಾಪಿಕ್ಸೆಲ್ ತಂದರೆ ಅದೇ ಮಬ್ಬನ್ನು ಇನ್ನಷ್ಟು ನುಣುಪಾಗಿ ಅಳೆಯುತ್ತದೆ, ಅಷ್ಟೇ. ಚಿತ್ರ ಕೆಡುವುದಿಲ್ಲ. ಸಣ್ಣ ಪಿಕ್ಸೆಲ್ಲಿನಿಂದ ಚಿತ್ರ ಹಾಳಾಗುತ್ತದೆ ಅನ್ನುವುದು ತಪ್ಪು. ಆದರೆ ಕೊಟ್ಟ ದುಡ್ಡಿಗೆ ಹೊಸದೇನೂ ಬರಲಿಲ್ಲ, ಹಾರ್ಡ್ ಡಿಸ್ಕ್ ಬೇಗ ತುಂಬಿತು.

ಇದೇ ಕಾರಣಕ್ಕೆ ಲೆನ್ಸಿನ ವಿಷಯದಲ್ಲೂ ಒಂದು ಒಳ್ಳೆಯ ಸುದ್ದಿ ಇದೆ. ಎಫ್/4ರಲ್ಲಿ ಎರಡು ಲೆನ್ಸುಗಳ ನಡುವೆ ಕಾಣುವ ವ್ಯತ್ಯಾಸ 1:1ರಲ್ಲಿ ಎಫ್/11ಕ್ಕೆ ಬರುವಷ್ಟರಲ್ಲಿ ಬಹುತೇಕ ಅಳಿಸಿಹೋಗುತ್ತದೆ, ಯಾಕಂದರೆ ವಿವರ್ತನೆ ಎಲ್ಲರಿಗೂ ಒಂದೇ. ಸೆಕೆಂಡ್ ಹ್ಯಾಂಡ್ ಟ್ಯಾಮ್ರಾನ್ 90 ಮಿ.ಮೀ. ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ಹುಳದ ಫೋಟೋದಲ್ಲಿ ಅದು ಹೊಸ ದುಬಾರಿ ಲೆನ್ಸಿಗೆ ಸರಿಸಮ ನಿಲ್ಲುತ್ತದೆ. ಆಟೋ ಫೋಕಸ್ ನಿಧಾನ ಇರಬಹುದು, ಆದರೆ ಇಷ್ಟು ಹತ್ತಿರದಲ್ಲಿ ಫೋಕಸ್ ಮಾಡುವುದು ಮೈ ಹಿಂದೆ ಮುಂದೆ ಆಡಿಸಿಯೇ.

ಫೋಕಲ್ ಲೆಂತ್ (ಲೆನ್ಸಿನ ಮೇಲೆ ಬರೆದ ಮಿ.ಮೀ. ಸಂಖ್ಯೆ) ಮಾತ್ರ ಯೋಚಿಸಿ ಆರಿಸಿ. 60 ಮಿ.ಮೀ. ಲೆನ್ಸಿನಲ್ಲಿ 1:1ಕ್ಕೆ ಹೋದರೆ ಲೆನ್ಸಿನ ಮೂತಿಯಿಂದ ಹುಳಕ್ಕೆ ಉಳಿಯುವ ಜಾಗ ಒಂದು ಗೇಣಿನ ಅರ್ಧಕ್ಕಿಂತಲೂ ಕಡಿಮೆ. 100 ಮಿ.ಮೀ.ನಲ್ಲಿ 13, 14 ಸೆಂ.ಮೀ. ಸಿಗುತ್ತದೆ. ಜೇಡ ಓಡಿಹೋಗದಿರಲು, ಫ್ಲ್ಯಾಷಿನ ಬೆಳಕು ಲೆನ್ಸಿನ ನೆರಳಿಗೆ ಸಿಗದಿರಲು ಆ ಜಾಗ ಬೇಕೇ ಬೇಕು. ಕಾಡಿಗೆ ಹೋಗುವವರು 90ರಿಂದ 105 ಮಿ.ಮೀ. ನಡುವೆ ನೋಡಿ.

ಇಷ್ಟೆಲ್ಲ ಆದ ಮೇಲೂ ವಿವರವನ್ನು ಅತಿ ಹೆಚ್ಚು ತಿನ್ನುವುದು ಪಿಕ್ಸೆಲ್ಲೂ ಅಲ್ಲ, ಲೆನ್ಸೂ ಅಲ್ಲ, ಕೈ ನಡುಕ. 1:1ರಲ್ಲಿ ಕೈ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಅಲುಗಿದರೆ ಸಾಕು, 20 ಮೈಕ್ರಾನ್ ಮಬ್ಬು ಸೇರಿತು. 3 ಮೈಕ್ರಾನ್ ಪಿಕ್ಸೆಲ್ಲಿನ ಲಾಭ ಅಲ್ಲಿಗೆ ಮುಗಿಯಿತು. ಫ್ಲ್ಯಾಷ್ ಮಾತ್ರ ಇದನ್ನು ತಡೆಯುತ್ತದೆ. ಕಡಿಮೆ ಪವರಿನಲ್ಲಿ ಅದು ಮಿಂಚುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಬಹಳ ಕಡಿಮೆ ಹೊತ್ತು. ಅದರ ಮುಂದೆ ಬೆಳಕನ್ನು ಹರಡಿ ಮೃದು ಮಾಡುವ ಒಳ್ಳೆಯ ಡಿಫ್ಯೂಸರ್ ಇರಲಿ. ಬಿಳಿ ಹಾಳೆಯಾದರೂ ಸರಿ, ಹುಳದ ತಲೆಯ ಮೇಲೆ ಚಪ್ಪರದಂತೆ ಬಾಗಿದ್ದರೆ ಸಾಕು. ಜೀರುಂಡೆಯ ಬೆನ್ನು ಹೊಳೆಯುವಂಥದ್ದು. ಬರಿ ಫ್ಲ್ಯಾಷ್ ಬಿದ್ದರೆ ಬೆನ್ನಿನ ಮೇಲೆ ಒಂದು ಬಿಳಿ ಮಚ್ಚೆ ಉಳಿದು ಸುತ್ತಲಿನ ಗೆರೆಗಳೆಲ್ಲ ಹೋಗಿಬಿಡುತ್ತವೆ. ಆ ಗೆರೆ ತರಲು ಯಾವ ಮೆಗಾಪಿಕ್ಸೆಲ್ಲಿಗೂ ಆಗುವುದಿಲ್ಲ. ಹುಳ ತೆಗೆಯುವವರು ಮೊದಲು ಫ್ಲ್ಯಾಷ್ ಮತ್ತು ಡಿಫ್ಯೂಸರ್, ಆಮೇಲೆ ಲೆನ್ಸ್, ದುಡ್ಡು ಉಳಿದರೆ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ನೋಡಲಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಜೋಳದ ಹೊಲಕ್ಕೆ ಹೋದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಚಳಿಗೆ ಹುಳಗಳು ಮರಗಟ್ಟಿದಂತೆ ಕೂತಿರುತ್ತವೆ, ಮೈಮೇಲೆ ಇಬ್ಬನಿ ಇರುತ್ತದೆ. ಬಿಸಿಲು ಏರುವವರೆಗೆ ಅಲುಗುವುದಿಲ್ಲ. ಆಗ ಟ್ರೈಪಾಡ್ ಹಾಕಿ, ಎಫ್/5.6 ಇಟ್ಟು, ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬಹುದು. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಇದಕ್ಕಾಗಿಯೇ ಇರುವ ಸಾಫ್ಟ್‌ವೇರುಗಳು. ಹೀಗೆ ಸ್ಟ್ಯಾಕ್ ಮಾಡುವ ಅಭ್ಯಾಸ ಇದ್ದರೆ ಸಣ್ಣ ಪಿಕ್ಸೆಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಗಾಳಿ ಮಾತ್ರ ಇರಬಾರದು.

ನೇಯ್ಗೆ, ನಾಣ್ಯ, ಎಲೆ: ಚಪ್ಪಟೆ ವಸ್ತುವಿಗೆ

ಇಲ್ಲಿ ನನ್ನ ಸಲಹೆ ಪೂರ್ತಿ ತಿರುಗುತ್ತದೆ. ಇಳಕಲ್ ಸೀರೆಯನ್ನು ಮೇಜಿನ ಮೇಲೆ ಹರವಿ, ಮೇಲಿನಿಂದ ನೇರ ಕೆಳಗೆ ನೋಡುವಂತೆ ಕ್ಯಾಮೆರಾ ನಿಲ್ಲಿಸಿದರೆ ಫೋಕಸಿನ ಆಳ ಬೇಕಾಗುವುದು ತೀರಾ ಕಡಿಮೆ. ಎಫ್/4ರಿಂದ ಎಫ್/5.6 ಇಡಬಹುದು. ಒಳ್ಳೆಯ ಮ್ಯಾಕ್ರೋ ಲೆನ್ಸುಗಳು ಹೆಚ್ಚಾಗಿ ಅತಿ ಚೊಕ್ಕ ಇರುವುದೂ ಅಲ್ಲಿಯೇ. 1:1ರಲ್ಲಿ ಎಫ್/4 ಅಂದರೆ ಎಫ್/8. ಆಗ ಬೆಳಕು ಮಿಲಿಮೀಟರಿಗೆ 227 ಗೆರೆ ಜೋಡಿ ತರಬಲ್ಲದು. 6 ಮೈಕ್ರಾನ್ ಪಿಕ್ಸೆಲ್ ಹಿಡಿಯುವುದು 83, 3.76 ಮೈಕ್ರಾನ್ ಹಿಡಿಯುವುದು 133, 3 ಮೈಕ್ರಾನ್ ಹಿಡಿಯುವುದು 167. ಈಗ ಹಿಂದೆ ಬಿದ್ದಿರುವುದು ಪಿಕ್ಸೆಲ್. ಇಂಥ ಕೆಲಸಕ್ಕೆ 45, 61 ಮೆಗಾಪಿಕ್ಸೆಲ್ಲಿಗೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ.

ಒಂದು ನಿಜವಾದ ವಸ್ತುವಿನ ಮೇಲೆ ನೋಡೋಣ. ಇಳಕಲ್ ಸೀರೆಯ ಒಡಲಿನ ಹಾಸಿಗೂ (ಉದ್ದಕ್ಕೆ ಹಾಯುವ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದು ಆ ಊರಿನ ನೇಕಾರರ ವಿಶೇಷ. ಒಡಲು ಹತ್ತಿಯದಾದರೆ ಒಂದು ಕಡೆ ಹತ್ತಿ ಎಳೆ, ಇನ್ನೊಂದು ಕಡೆ ಸೆರಗಿನ ರೇಷ್ಮೆ ಎಳೆ, ಒಂದರ ಕೊರಳಿಗೆ ಇನ್ನೊಂದು ಸಿಕ್ಕಿಕೊಂಡಿರುತ್ತದೆ. ಬರಿಗಣ್ಣಿಗೆ ಅಲ್ಲಿ ಒಂದು ತೆಳು ಗೆರೆ ಕಂಡರೆ ಹೆಚ್ಚು. 1:1ರಲ್ಲಿ ಆ ಕೊಂಡಿಗಳ ಸಾಲು ಕಾಣುತ್ತದೆ. ಅದರೊಳಗಿನ ಹತ್ತಿಯ ನಾರು ಸಾಮಾನ್ಯವಾಗಿ 12ರಿಂದ 20 ಮೈಕ್ರಾನ್ ದಪ್ಪ. 6 ಮೈಕ್ರಾನ್ ಪಿಕ್ಸೆಲ್ಲಿನಲ್ಲಿ ಒಂದು ನಾರಿಗೆ ಎರಡೋ ಮೂರೋ ಪಿಕ್ಸೆಲ್, ನಾರು ಇದೆ ಅಂತ ಗೊತ್ತಾಗುತ್ತದೆ ಅಷ್ಟೇ. 3.76ರಲ್ಲಿ ಮೂರರಿಂದ ಐದು. ಹುರಿ ಎಡಕ್ಕಿದೆಯೋ ಬಲಕ್ಕಿದೆಯೋ, ರೇಷ್ಮೆಯ ನುಣುಪು ಎಲ್ಲಿ ಮುಗಿದು ಹತ್ತಿಯ ಜುಂಗು ಎಲ್ಲಿ ಶುರುವಾಯಿತು ಅನ್ನುವುದು ಬಿಡಿಸಿಕೊಳ್ಳುತ್ತದೆ. ನೇಯ್ಗೆಯ ದಾಖಲೆ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಗೋಮಿ, ಪರಾಸಪೇಟ, ಗಾಡಿ ಅಂಚುಗಳಿಗೂ, ಗುಳೇದಗುಡ್ಡದ ಖಣಕ್ಕೂ ಇದೇ ಮಾತು.

ಚಪ್ಪಟೆ ವಸ್ತುವಿನಲ್ಲಿ ಲೆನ್ಸಿನ ಗುಣವೂ ಎದ್ದು ಕಾಣುತ್ತದೆ. ನಡುವೆ ಎಷ್ಟು ಚೊಕ್ಕವೋ ಮೂಲೆಯಲ್ಲೂ ಅಷ್ಟೇ ಚೊಕ್ಕ ಬರಬೇಕು. ಜರಿ ಇದ್ದರೆ ಅದರ ಮಿಂಚಿನ ಅಂಚಿನಲ್ಲಿ ನೇರಳೆ, ಹಸಿರು ಬಣ್ಣ ಕಟ್ಟಬಾರದು. ಹುಳಕ್ಕೆ ನಡೆಯುವ ಹಳೆಯ ಲೆನ್ಸ್ ಇಲ್ಲಿ ನಡೆಯದೇ ಇರಬಹುದು. ಈ ಕೆಲಸಕ್ಕೆ ನಿಜವಾದ ಮ್ಯಾಕ್ರೋ ಲೆನ್ಸೇ ಬೇಕು, ಬಣ್ಣದ ದೋಷ ತಿದ್ದಿದ್ದಾದರೆ ಇನ್ನೂ ಒಳ್ಳೆಯದು.

ಆದರೆ ದೊಡ್ಡ ಕ್ಯಾಮೆರಾ ಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ಒಂದು, ಕ್ಯಾಮೆರಾ ಬಟ್ಟೆಗೆ ಸಮಾನಾಂತರ ಇದೆಯಾ ನೋಡಿ. ಬಟ್ಟೆಯ ಮೇಲೆ ಸಣ್ಣ ಕನ್ನಡಿ ಮಲಗಿಸಿ, ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವ ತನಕ ಕ್ಯಾಮೆರಾ ಸರಿಪಡಿಸಿ. ಇದೊಂದನ್ನೇ ಮಾಡಿದರೆ ಮೂಲೆ ಮಸುಕು ಅನ್ನುವ ದೂರು ಅರ್ಧ ಕಡಿಮೆಯಾಗುತ್ತದೆ. ಎರಡು, ನಿಮ್ಮ ಕ್ಯಾಮೆರಾದಲ್ಲಿ ಪಿಕ್ಸೆಲ್ ಶಿಫ್ಟ್ ಇದೆಯಾ ಹುಡುಕಿ. ಸೆನ್ಸರನ್ನು ಪಿಕ್ಸೆಲ್ಲಿಗಿಂತ ಸಣ್ಣ ಅಳತೆಯಲ್ಲಿ ಸರಿಸುತ್ತಾ ಹಲವು ಚಿತ್ರ ತೆಗೆದು ಕೂಡಿಸುವ ಸೌಲಭ್ಯ ಅದು. 24 ಮೆಗಾಪಿಕ್ಸೆಲ್‌ನ ಪ್ಯಾನಸೋನಿಕ್ ಎಸ್5 ಹೀಗೆ 96 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಅಲುಗದ ಬಟ್ಟೆಗೆ, ನಾಣ್ಯಕ್ಕೆ ಇದು ಹೇಳಿ ಮಾಡಿಸಿದಂತಿದೆ. ಹುಳಕ್ಕೆ ಬೇಡ.

ಸೀರೆಯ ಇಡೀ ಸೆರಗನ್ನು ಒಂದೇ ಚಿತ್ರದಲ್ಲಿ ತೆಗೆಯುವಾಗ ಇನ್ನೊಂದು ತೊಂದರೆ ಬರುತ್ತದೆ. ಬಟ್ಟೆಯ ಮೇಲೆ ಇಲ್ಲದ ಅಲೆಗಳು, ಬಣ್ಣದ ಪಟ್ಟಿಗಳು ಫೋಟೋದಲ್ಲಿ ಕಾಣುತ್ತವೆ. ಇದಕ್ಕೆ ಮ್ವಾರೆ ಅನ್ನುತ್ತಾರೆ. ಇಂಚಿಗೆ 80 ಎಳೆ ಇರುವ ಬಟ್ಟೆ ಅಂದುಕೊಳ್ಳಿ, ಒಂದು ಎಳೆಗೆ 0.32 ಮಿ.ಮೀ. ಆಯಿತು. ಒಂದು ಮೀಟರ್ ಅಗಲವನ್ನು 6000 ಪಿಕ್ಸೆಲ್ಲಿನಲ್ಲಿ ತುಂಬಿದರೆ ಒಂದು ಪಿಕ್ಸೆಲ್ಲಿಗೆ 0.17 ಮಿ.ಮೀ. ಒಂದು ಎಳೆಗೆ ಎರಡು ಪಿಕ್ಸೆಲ್ಲೂ ಪೂರ್ತಿ ಸಿಗಲಿಲ್ಲ. ಅಲೆ ಏಳುವುದು ಅಲ್ಲೇ. 8256 ಪಿಕ್ಸೆಲ್ ಅಗಲದ 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಎಳೆಗೆ 2.6 ಪಿಕ್ಸೆಲ್ ಸಿಗುವುದರಿಂದ ಬಚಾವ್. ಅದಿಲ್ಲದವರು ಎರಡು ಭಾಗ ಮಾಡಿ ತೆಗೆದು ಜೋಡಿಸಬಹುದು. ಇಲ್ಲವಾದರೆ ಬೇಕಂತಲೇ ಅಪರ್ಚರ್ ಸಣ್ಣ ಮಾಡಬಹುದು: 24 ಮೆಗಾಪಿಕ್ಸೆಲ್ ಎಪಿಎಸ್-ಸಿಯಲ್ಲಿ ಎಫ್/16, ಫುಲ್ ಫ್ರೇಮಿನಲ್ಲಿ ಎಫ್/22. ಹುಳದ ಫೋಟೋದಲ್ಲಿ ಕಾಟ ಕೊಟ್ಟ ವಿವರ್ತನೆ ಇಲ್ಲಿ ಆ ಅಲೆಯನ್ನು ಅಳಿಸಿಕೊಡುತ್ತದೆ.

ಒಂದು ಮಿಲಿಮೀಟರಿಗಿಂತ ಸಣ್ಣದಕ್ಕೆ

ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಸುತ್ತ ದಾಳಿಂಬೆ, ದ್ರಾಕ್ಷಿ, ಆ ಕಡೆ ವಿಜಯಪುರದ ತನಕ ತೋಟಗಳು. ಥ್ರಿಪ್ಸ್, ನುಸಿ, ಹಿಟ್ಟು ತಿಗಣೆಯ ಚಿತ್ರ ಬೇಕಾದವರು ಇಲ್ಲಿ ಬಹಳ. ಇಂಥವರಿಗೆ ನಾನು ಹೇಳುವುದು, ಹೊಸ ಬಾಡಿಯ ಆಸೆಯನ್ನು ಪೂರ್ತಿ ಬಿಟ್ಟುಬಿಡಿ.

ಥ್ರಿಪ್ಸ್ ಹೆಚ್ಚು ಕಡಿಮೆ 1 ಮಿ.ಮೀ. ಉದ್ದ. 1:1ರಲ್ಲಿ ಅದು 6 ಮೈಕ್ರಾನ್ ಸೆನ್ಸರಿನ ಮೇಲೆ 167 ಪಿಕ್ಸೆಲ್ ಹಿಡಿಯುತ್ತದೆ, 3.9 ಮೈಕ್ರಾನ್‌ನಲ್ಲಿ 256. ಎಫ್/8ರಲ್ಲಿ ಬಿಡಿಬಿಡಿಯಾಗಿ ಕಾಣುವ ಅಂತರ 11 ಮೈಕ್ರಾನ್ ಆದ್ದರಿಂದ ಇಡೀ ಹುಳದ ಉದ್ದಕ್ಕೆ ಸಿಗುವ ನಿಜವಾದ ವಿವರ ತೊಂಬತ್ತೇ ತೊಂಬತ್ತು ಚುಕ್ಕೆ. ಈಗ ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪಿನ 4 ಪಟ್ಟಿನ ಆಬ್ಜೆಕ್ಟಿವ್, ಅಂದರೆ ವಸ್ತುವಿನ ಕಡೆಗಿರುವ ಲೆನ್ಸ್, ನೋಡಿ. ಅದರ ಮೇಲೆ 4/0.10 ಅಂತ ಬರೆದಿರುತ್ತದೆ. ಎರಡನೆಯ ಸಂಖ್ಯೆಯೇ ಅದರ ವಿವರ ಹಿಡಿಯುವ ಶಕ್ತಿ. 0.10 ಇದ್ದರೆ 3.4 ಮೈಕ್ರಾನ್ ಅಂತರದ ಚುಕ್ಕೆಗಳನ್ನು ಬಿಡಿಸಿ ತೋರಿಸುತ್ತದೆ. ಅದೇ ಥ್ರಿಪ್ಸಿಗೆ ಈಗ ಸುಮಾರು 300 ಚುಕ್ಕೆ ವಿವರ. ಅಂಚಿಗೆ ಕುಚ್ಚಿನಂತೆ ಕೂದಲಿರುವ ಅದರ ರೆಕ್ಕೆ ಆಗ ರೆಕ್ಕೆಯಂತೆ ಕಾಣುತ್ತದೆ. ಸೆನ್ಸರ್ ಯಾವುದಾದರೂ ಸರಿ, 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಧಾರಾಳ. ಆಬ್ಜೆಕ್ಟಿವ್ ಮೇಲೆ 160 ಅಂತ ಇದ್ದರೆ ಅದನ್ನು ಎಕ್ಸ್‌ಟೆನ್ಶನ್ ಟ್ಯೂಬಿನ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಗಾಜಿಲ್ಲದ ಟೊಳ್ಳು ಕೊಳವೆ) ತುದಿಗೆ ಅಡಾಪ್ಟರ್ ಹಾಕಿ ನೇರ ಜೋಡಿಸಬಹುದು. ಇನ್ಫಿನಿಟಿ ಗುರುತು ಇದ್ದರೆ ನಡುವೆ ಇನ್ನೊಂದು ಲೆನ್ಸ್ ಬೇಕು, ಕೊಳ್ಳುವಾಗ ನೋಡಿಕೊಳ್ಳಿ.

ಕಷ್ಟ ಇರುವುದು ಆಳದಲ್ಲಿ. ಇಲ್ಲಿ ಒಂದು ಚಿತ್ರಕ್ಕೆ ಸಿಗುವ ಫೋಕಸ್ 0.05 ಮಿ.ಮೀ. ಚಿಲ್ಲರೆ. ಕಾಲು ಮಿಲಿಮೀಟರ್ ದಪ್ಪದ ವಸ್ತುವಿಗೆ 0.04 ಮಿ.ಮೀ.ನಂತೆ ಸರಿಸುತ್ತಾ 7 ಚಿತ್ರವಾದರೂ ಬೇಕು. ಕ್ಯಾಮೆರಾವನ್ನು ಕೂದಲೆಳೆಯಷ್ಟೇ ಸರಿಸುವ ರೇಲ್ ಬೇಕು, ಅಲುಗದ ಮೇಜು ಬೇಕು, ಮೇಲೆ ಫ್ಯಾನ್ ತಿರುಗುತ್ತಿರಬಾರದು. ಮ್ಯಾಕ್ರೋ ಲೆನ್ಸಿನ ಬೆಲೆಗೆ ಹೋಲಿಸಿದರೆ ಈ ಆಬ್ಜೆಕ್ಟಿವ್ ಬಹಳ ಅಗ್ಗ, ದುಡ್ಡನ್ನು ರೇಲಿಗೆ ಹಾಕಿ.

ಅಗ್ಗದ ದಾರಿಗಳು

50 ಮಿ.ಮೀ. ಎಫ್/1.8 ಲೆನ್ಸ್ ಮನೆಯಲ್ಲಿ ಇದ್ದರೆ ಎಕ್ಸ್‌ಟೆನ್ಶನ್ ಟ್ಯೂಬ್ ಒಳ್ಳೆಯ ಆರಂಭ. 12, 20, 36 ಮಿ.ಮೀ.ನ ಮೂರನ್ನೂ ಸೇರಿಸಿದರೆ 68 ಆಗುತ್ತದೆ. 68ನ್ನು 50ರಿಂದ ಭಾಗಿಸಿ, 1.36 ಪಟ್ಟು ಸಿಕ್ಕಿತು. ಆದರೆ ಆ ಲೆನ್ಸನ್ನು ಮಾಡಿರುವುದು ದೂರದ ವಸ್ತುವಿಗಾಗಿ, ಹಾಗಾಗಿ ಮೂಲೆಗಳು ಸೋಲುತ್ತವೆ. ಹುಳದ ಫೋಟೋದಲ್ಲಿ ಮೂಲೆಯಲ್ಲಿ ಇರುವುದು ಹಿನ್ನೆಲೆ ತಾನೇ, ನಡೆಯುತ್ತದೆ. ಸೀರೆಗೆ ನಡೆಯುವುದಿಲ್ಲ.

55-250 ಥರದ ಕಿಟ್ ಝೂಮ್ ಇದ್ದವರು ಅದರ ಮೂತಿಗೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250 ಎಂಬ ಭೂತಗನ್ನಡಿ ಲೆನ್ಸ್ ನೋಡಬಹುದು. 250 ಮಿ.ಮೀ.ನಲ್ಲಿ ಅದು ಎರಡು ಪಟ್ಟಿನ ತನಕ ಒಯ್ಯುತ್ತದೆ. ಒಂದೇ ಗಾಜಿನ ಅಗ್ಗದ ಕ್ಲೋಸ್-ಅಪ್ ಫಿಲ್ಟರ್‌ಗಳಿಂದ ಮಾತ್ರ ದೂರ ಇರಿ, ಅಂಚಿಗೆಲ್ಲ ಬಣ್ಣ ಕಟ್ಟುತ್ತವೆ. ರೇನಾಕ್ಸ್ ಹಾಕಿ ಲೆನ್ಸನ್ನು ಇನ್ಫಿನಿಟಿಯಲ್ಲಿ (ಅತಿ ದೂರಕ್ಕೆ ಫೋಕಸ್ ಮಾಡಿ) ಇಟ್ಟಾಗ ಎಫ್ ಸಂಖ್ಯೆ ಏರುವ ಲೆಕ್ಕ ಬರುವುದಿಲ್ಲ, ಎಫ್/16 ಇಟ್ಟರೆ ಎಫ್/16ಏ. ಹಾಗಾಗಿ ಟ್ಯೂಬಿನಲ್ಲಿ ಎಫ್/8 ಇಡುತ್ತಿದ್ದವರು ಇದರಲ್ಲಿ ಹಿಂಜರಿಯದೆ ಎಫ್/16ಕ್ಕೂ ಅದರ ಆಚೆಗೂ ಹೋಗಬಹುದು.

ಒಂದೇ ಸಲ ಕೊಂಡು ಮುಗಿಸುತ್ತೇನೆ ಅನ್ನುವವರಿಗೆ ಲಾವೋವಾದ ಎರಡು ಪಟ್ಟಿನ ಲೆನ್ಸುಗಳು, ಕ್ಯಾನನ್‌ನ 1.4 ಪಟ್ಟಿನ ಆರ್‌ಎಫ್ 100 ಮಿ.ಮೀ., ಓಎಂ ಸಿಸ್ಟಮ್‌ನ ಎರಡು ಪಟ್ಟಿನ 90 ಮಿ.ಮೀ. ಇವೆ. 24ರಿಂದ 61 ಮೆಗಾಪಿಕ್ಸೆಲ್ಲಿಗೆ ಜಿಗಿಯುವುದಕ್ಕಿಂತ 1:1ರಿಂದ 2:1ಕ್ಕೆ ಹೋಗುವುದರಿಂದ ಸಿಗುವ ವಿವರ ಜಾಸ್ತಿ. ಎಫ್/8ರಲ್ಲೇ ಬಿಡಿಬಿಡಿಯಾಗಿ ಕಾಣುವ ಅಂತರ 11 ಮೈಕ್ರಾನ್‌ನಿಂದ 8ಕ್ಕೆ ಇಳಿಯುತ್ತದೆ, ಆದರೆ ಫೋಕಸಿನ ಆಳ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಸೆನ್ಸರ್ ದೊಡ್ಡದಾದರೆ ಏನು ಲಾಭ?

ಹೆಚ್ಚಿನವರು ಅಂದುಕೊಂಡಷ್ಟು ಇಲ್ಲ. 24 ಮಿ.ಮೀ. ಅಗಲದ ಒಂದು ಚಿಟ್ಟೆಯನ್ನು ಫ್ರೇಮಿಗೆ ತುಂಬಿಸೋಣ. ಎಪಿಎಸ್-ಸಿಗೆ 1:1 ಸಾಕು, ಫುಲ್ ಫ್ರೇಮಿಗೆ 1.5 ಪಟ್ಟು ಬೇಕು, ಮೈಕ್ರೋ ಫೋರ್ ಥರ್ಡ್ಸ್‌ಗೆ 0.72. ಮೂರರಲ್ಲೂ ಒಂದೇ ಆಳ ಬೇಕಾದರೆ ಎಪಿಎಸ್-ಸಿಯಲ್ಲಿ ಎಫ್/11, ಫುಲ್ ಫ್ರೇಮಿನಲ್ಲಿ ಎಫ್/13, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/9 ಇಡಬೇಕು. ಹಾಗೆ ಇಟ್ಟರೆ ಚಿಟ್ಟೆಯ ಮೇಲೆ ಸಿಗುವ ವಿವರವೂ ಮೂರರಲ್ಲಿ ಒಂದೇ. ಸೆನ್ಸರ್ ದೊಡ್ಡದು ಅಂತ ಆಳವಾಗಲಿ ವಿವರವಾಗಲಿ ಪುಕ್ಕಟೆ ಸಿಗುವುದಿಲ್ಲ. ಫ್ಲ್ಯಾಷ್ ಧಾರಾಳವಾಗಿದ್ದು ಐಎಸ್‌ಒ 100ರಲ್ಲೇ (ಬೆಳಕಿನ ಸೂಕ್ಷ್ಮತೆ ಕಡಿಮೆ ಇಟ್ಟು) ತೆಗೆಯುವವರಿಗೆ ಮಾತ್ರ ಫುಲ್ ಫ್ರೇಮಿನ ನೆರಳು ಭಾಗಗಳು ಹೆಚ್ಚು ಶುಭ್ರವಾಗಿ ಬರುತ್ತವೆ. ಬೆಟ್ಟ ಹತ್ತುವಾಗ ಮೈಕ್ರೋ ಫೋರ್ ಥರ್ಡ್ಸ್‌ನ ಹಗುರ ಚೀಲ ನನಗೆ ಅದಕ್ಕಿಂತ ಇಷ್ಟ.

ಪ್ರಿಂಟ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಂಚಿಗೆ 300 ಚುಕ್ಕೆಯಂತೆ 24 ಮೆಗಾಪಿಕ್ಸೆಲ್ ಚಿತ್ರ 20 ಇಂಚು ಅಗಲ ಬರುತ್ತದೆ. ಮನೆಯ ಗೋಡೆಗೆ ಅಷ್ಟು ಸಾಕಲ್ವಾ?

ಮೊಬೈಲಿನ 200 ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ಅಲ್ಲಿ ಒಂದು ಪಿಕ್ಸೆಲ್ 0.6 ಮೈಕ್ರಾನ್, ಎಫ್/1.7ರ ಏರಿ ಬಿಲ್ಲೆ 2.3 ಮೈಕ್ರಾನ್. ಒಂದು ಬಿಲ್ಲೆಯ ಅಗಲಕ್ಕೇ ನಾಲ್ಕು ಪಿಕ್ಸೆಲ್ ಬಂತು. ಫೋನ್ ಸಾಮಾನ್ಯವಾಗಿ ಹಲವು ಪಿಕ್ಸೆಲ್ಲನ್ನು ಕೂಡಿಸಿ ಒಂದು ಮಾಡಿಯೇ ಚಿತ್ರ ಕೊಡುತ್ತದೆ.

ನಮ್ಮ ಹವೆ, ನಮ್ಮ ಧೂಳು

ಸಣ್ಣ ಅಪರ್ಚರಿನಲ್ಲಿ ಸೆನ್ಸರ್ ಮೇಲಿನ ಧೂಳು ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಎರೆ ಹೊಲದ ಬದುವಿನಲ್ಲಿ ನಿಂತು ಲೆನ್ಸ್ ಬದಲಿಸಿದರೆ ಮುಂದಿನ ಎಫ್/22ರ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಗ್ಯಾರಂಟಿ. ಲೆನ್ಸನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ, ಗಾಳಿ ಊದುವ ಬ್ಲೋವರ್ ಜೊತೆಗಿರಲಿ. ಬೆಳಗಾವಿಯಲ್ಲಿ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದು ಬಣ್ಣ ಬದಲಿಸಿದ ಕೂಡಲೇ ಬಿಸಿ ಮಾಡಿ ಮತ್ತೆ ಹಾಕುವುದು. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಬಲೆಯಂಥ ಎಳೆಗಳಿವೆಯಾ ನೋಡದೆ ದುಡ್ಡು ಕೊಡಬೇಡಿ.

ಅಂಗಡಿಯಲ್ಲೇ ಪರೀಕ್ಷೆ

ಎರಡು ಲೆನ್ಸುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಜೇಬಿನಿಂದ ಹಂಪಿಯ ಕಲ್ಲಿನ ರಥ ಇರುವ 50 ರೂಪಾಯಿ ನೋಟು ತೆಗೆಯಿರಿ. ಅದರ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಅಕ್ಷರಗಳನ್ನು ಅಚ್ಚು ಮಾಡಿರುತ್ತಾರೆ. ನೋಟನ್ನು ಗಾಜಿನ ಕೆಳಗೆ ಚಪ್ಪಟೆ ಮಲಗಿಸಿ, ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಎರಡು ಸೆಕೆಂಡ್ ಟೈಮರ್ ಇಟ್ಟು 1:1ರಲ್ಲಿ ಎಫ್/4, 5.6, 8, 11, 16 ಹೀಗೆ ಒಂದೊಂದು ಚಿತ್ರ ತೆಗೆಯಿರಿ. ಎರಡನೆಯ ಲೆನ್ಸಿನಲ್ಲೂ ಅದನ್ನೇ ಮಾಡಿ. ಆಮೇಲೆ ಪರದೆಯಲ್ಲಿ ಹಿಗ್ಗಿಸಿ ಆ ಸಣ್ಣ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ನಡುವಿನದ್ದೂ ಮೂಲೆಯದ್ದೂ. ಎಫ್/4ರಲ್ಲಿ ವ್ಯತ್ಯಾಸ ಕಂಡು ಎಫ್/11ರಲ್ಲಿ ಎರಡೂ ಒಂದೇ ಥರ ಇದ್ದರೆ, ಹುಳ ತೆಗೆಯುವವರು ಅಗ್ಗದ್ದನ್ನು ತಗೊಂಡು ಉಳಿದ ದುಡ್ಡಿಗೆ ಫ್ಲ್ಯಾಷ್ ತಗೊಳ್ಳಲಿ, ಸೀರೆ ತೆಗೆಯುವವರು ದುಬಾರಿಯದ್ದನ್ನೇ ತಗೊಳ್ಳಲಿ.